ಇಳಿಜಾರು ಹುಡುಕುತ್ತಿದ್ದ ಮಾಸ್ಟ್ರು

ಕಳೆದ ತಿಂಗಳು ನಮ್ಮ ಮಾಸ್ಟ್ರ ಅಂತ್ಯಕ್ರಿಯೆಗೆ ಬಂದವರಲ್ಲಿ ಅರ್ಧದಷ್ಟು ಜನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಇಗರ್ಜಿಯೊಳಗೆ ಕಾಲಿಟ್ಟರು. ತಪ್ಪು ಅವರದಲ್ಲ, ಕಾರು ನಿಲ್ಲಿಸಲು ಎಲ್ಲಿಯೂ ಜಾಗವಿರಲಿಲ್ಲ. ವಕೀಲರೊಬ್ಬರು ಇಗರ್ಜಿಗೆ ಮೂರು ಸುತ್ತು ಹಾಕಿ, ಕಾರನ್ನು ಮರಳಿ ಮನೆಯಲ್ಲೇ ಬಿಟ್ಟು, ಬಿಸಿಲಿನಲ್ಲಿ ನಡೆದು ಬಂದಿದ್ದರು. ಬೆವರೊರೆಸಿಕೊಳ್ಳುತ್ತ ನನ್ನ ಪಕ್ಕದಲ್ಲಿ ಕುಳಿತು, “ಮಾಸ್ಟ್ರು ಇದ್ದಿದ್ರೆ ಎಲ್ಲಿ ಜಾಗ ಉಂಟು ಅಂತ ಹೇಳ್ತಿದ್ರು ಮಾರಾಯ” ಎಂದು ಪಿಸುಗುಟ್ಟಿದರು. ನಾನು ನಕ್ಕುಬಿಟ್ಟೆ. ಮುಂದಿನ ಸಾಲಿನ ಇಬ್ಬರು ಹೆಂಗಸರು ತಿರುಗಿ ನೋಡಿದರು. ಆ ನಗುವಿಗಾಗಿ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಕಾರು ನಿಲ್ಲಿಸುವ ಜಾಗವನ್ನು ಕುರಿತು ಈ ಊರಿನಲ್ಲಿ ಅವರಷ್ಟು ಗಂಭೀರವಾಗಿ ಚಿಂತಿಸಿದವರಿಲ್ಲ. ಆ ಚಿಂತನೆಯಿಂದ ಅವರಷ್ಟು ನಗಿಸಿದವರೂ ಇಲ್ಲ.

ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದವರು ಅವರು. ಕೊಂಕಣಿ ಮಾತಾಡುವ ಕ್ರೈಸ್ತ ಮನೆತನ. ಬಿಳಿ ಪ್ಯಾಂಟು, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಕಿವಿಯ ಮೇಲೆ ಸದಾ ಒಂದು ತುಂಡು ಸೀಮೆಸುಣ್ಣ. ನಿವೃತ್ತರಾದ ಮೇಲೂ ಸೀಮೆಸುಣ್ಣ ಕಿವಿಯನ್ನು ಬಿಟ್ಟಿರಲಿಲ್ಲ. ಐವತ್ತರ ದಶಕದಲ್ಲಿ ಹೆಂಚಿನ ಕಾರ್ಖಾನೆಯ ಬಿಳಿಯ ಮ್ಯಾನೇಜರನೊಬ್ಬ ಊರು ಬಿಟ್ಟು ಹಡಗು ಹತ್ತುವ ಮುನ್ನ ತನ್ನ ಪುಟ್ಟ ಕಾರನ್ನು ಇವರಿಗೆ ಮಾರಿ ಹೋಗಿದ್ದ. ಅದು ಆಗಲೇ ಮುದಿಯಾಗಿತ್ತು. ಕೀಲಿ ತಿರುಗಿಸಿದರೆ ಹೊರಡುವ ಅಭ್ಯಾಸವನ್ನು ಅದು ಬಿಟ್ಟು ವರ್ಷಗಳಾಗಿದ್ದವು. ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ಹೋದಾಗ ಅದು ಹಿಂದಕ್ಕೆ ಒದ್ದು ಮಾಸ್ಟ್ರ ಬಲ ಮಣಿಕಟ್ಟನ್ನೇ ಮುರಿಯಿತು. ಮೂರು ತಿಂಗಳು ನಾವು ಎಡಗೈಯ ಬೀಜಗಣಿತ ಕಲಿತೆವು. ಅಂದಿನಿಂದ ಆ ಕಾರನ್ನು ಹೊರಡಿಸಲು ಉಳಿದದ್ದು ಒಂದೇ ದಾರಿ: ಇಳಿಜಾರಿನಲ್ಲಿ, ಮೂತಿ ಕೆಳಗಾಗಿ ನಿಲ್ಲಿಸಬೇಕು, ಬ್ರೇಕು ಬಿಟ್ಟು ಉರುಳಿಸಬೇಕು, ಹತ್ತು ಮಾರು ಹೋಗುವಷ್ಟರಲ್ಲಿ ಎಂಜಿನು ಎಚ್ಚರಗೊಳ್ಳುತ್ತಿತ್ತು. ಕಾರು ನಿಂತರೆ ಎಂಜಿನೂ ನಿಲ್ಲುತ್ತಿತ್ತು.

“ಸೈಕಲು ನಿಂತ್ರೆ ಬೀಳ್ತದೆ. ಇದು ನಿಂತ್ರೆ ಮಲಗ್ತದೆ. ಅಷ್ಟೇ ವ್ಯತ್ಯಾಸ” ಎನ್ನುತ್ತಿದ್ದರು.

ಮಂಗಳೂರು ಗುಡ್ಡಗಳ ಮೇಲೆ ಕುಳಿತ ಊರಾದದ್ದು ಅವರ ಪುಣ್ಯ. ಎಲ್ಲಿ ಎಷ್ಟು ಇಳಿಜಾರು ಇದೆಯೆಂದು ಅವರಿಗೆ ಬಾಯಿಪಾಠವಿತ್ತು. ಹೊಸ ಜಾಗ ಕಂಡರೆ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ರಸ್ತೆಯ ಮೇಲಿಡುವರು. ಎರಡು ‘ನಮೋ ಮರಿಯ’ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಅದು ಒಂದು ಮಾರು ಉರುಳಿದರೆ ಜಾಗ ತೇರ್ಗಡೆಯಾದಂತೆ. ಉರುಳದಿದ್ದರೆ ಹಣ್ಣನ್ನು ಒರೆಸಿ ಜೇಬಿಗಿಳಿಸುವರು. ಈ ಪರೀಕ್ಷೆಗೆ ಅವರು ಎಣಿಸದ ಇನ್ನೊಂದು ಫಲವೂ ಇತ್ತು. ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಬಿದ್ದಿರುವುದನ್ನು ಕಂಡ ಎತ್ತಿನಗಾಡಿಯವರು ಎತ್ತುಗಳನ್ನು ಹತ್ತು ಅಡಿ ದೂರಕ್ಕೆ ಸರಿಸುತ್ತಿದ್ದರು. ಜಟಕಾದವರು ದಾರಿಯನ್ನೇ ಬದಲಿಸುತ್ತಿದ್ದರು. ಮಾಟಕ್ಕೆ ಹೆದರದ ಕುದುರೆ ಈ ಜಿಲ್ಲೆಯಲ್ಲಿರಬಹುದು, ಜಟಕಾದವನಿಲ್ಲ. ಮಾಸ್ಟ್ರು ಕಾರು ತಿರುಗಿಸಿಕೊಂಡು ಬರುವವರೆಗೆ ಜಾಗ ಖಾಲಿಯಾಗಿಯೇ ಇರುತ್ತಿತ್ತು.

ಕಾಲೇಜು ಸೇರಿದ ಹೊಸತರಲ್ಲಿ ನಾನು ಇದನ್ನು ಖಂಡಿಸಿದ್ದೆ. “ಮಾಸ್ಟ್ರೆ, ನೀವೇ ಮೂಢನಂಬಿಕೆಗೆ ನೀರೆರೆದರೆ ಹೇಗೆ?”

“ನಾನು ಇಟ್ಟದ್ದು ನಿಂಬೆಹುಳಿ ಮಾತ್ರ ಮಾರಾಯ. ನಂಬಿಕೆ ಅವರು ಮನೆಯಿಂದ ತಂದದ್ದು.”

ತೆಂಗಿನ ಮರದ ನೆರಳಿನಲ್ಲಿ ಮಾತ್ರ ಅವರು ಎಂದೂ ಕಾರು ನಿಲ್ಲಿಸುತ್ತಿರಲಿಲ್ಲ. ಒಮ್ಮೆ ನಿಲ್ಲಿಸಿದ್ದರ ಗುರುತು ಕಾರಿನ ನೆತ್ತಿಯ ಮೇಲೆ ಬಟ್ಟಲಿನಾಕಾರದಲ್ಲಿ ಉಳಿದಿತ್ತು. “ಕಾಯಿಗೆ ಮೂರು ಕಣ್ಣುಂಟು, ಮನುಷ್ಯರ ಮೇಲೆ ಬೀಳುದಿಲ್ಲ ಅಂತ ಹೇಳ್ತಾರೆ. ಕಾರಿನ ವಿಷಯ ಅದಕ್ಕೆ ಯಾರೂ ಹೇಳಿರ್ಲಿಲ್ಲ” ಎಂದು ಆ ಗುಳಿಯನ್ನು ಸವರುತ್ತಿದ್ದರು.

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತೇನೋ, ಅವರ ಹೆಂಡತಿಗೆ ಪಾರ್ಶ್ವವಾಯು ತಟ್ಟದಿದ್ದರೆ. ಊರಿನವರೆಲ್ಲ ‘ಬಾಯಿ’ ಎಂದೇ ಕರೆಯುತ್ತಿದ್ದ ಆಕೆ ನಿವೃತ್ತ ನರ್ಸು. ಸಾವಿರ ಜನರನ್ನು ಎಬ್ಬಿಸಿ ನಡೆಸಿದವರಿಗೆ ಈಗ ಎಡಗಾಲು ಮಾತು ಕೇಳುತ್ತಿರಲಿಲ್ಲ. ಹಂಪನಕಟ್ಟೆಗೆ ಇಳಿಯುವ ಒಂದು ಓಣಿಯಲ್ಲಿ ಡಾಕ್ಟರರ ಶುಶ್ರೂಷಾಲಯವಿತ್ತು. ಬುಧವಾರ ಮತ್ತು ಶನಿವಾರ ಎರಡೆರಡು ಗಂಟೆ ಕಾಲಿಗೆ ಶಾಖ ಮತ್ತು ವ್ಯಾಯಾಮ. ವರ್ಷವಿಡೀ ಒಂದು ದಿನವೂ ತಪ್ಪಿಸದೆ ಬಂದರೆ ಆಕೆ ಕೋಲಿಲ್ಲದೆ ನಡೆಯಬಹುದು, ತಪ್ಪಿಸಿದರೆ ಕಾಲು ಹಾಗೆಯೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಜಟಕಾದ ಕುಲುಕಾಟವನ್ನು ಆಕೆ ತಾಳುವಂತಿರಲಿಲ್ಲ. ಬಾಡಿಗೆ ಕಾರು ಮಾಸ್ಟ್ರ ಪಿಂಚಣಿಗೆ ನಿಲುಕುವಂತಿರಲಿಲ್ಲ. ಆಕೆ ಒಂದೇ ಉಸುರಿಗೆ ನಡೆಯಬಲ್ಲದ್ದು ನಲವತ್ತು ಹೆಜ್ಜೆ. ಹಾಗಾಗಿ ಡಾಕ್ಟರರ ಬಾಗಿಲಿನಿಂದ ನಲವತ್ತು ಹೆಜ್ಜೆಯೊಳಗೆ, ತೆಂಗಿನ ಮರವಿಲ್ಲದ, ಶುಲ್ಕವಿಲ್ಲದ ಒಂದು ಇಳಿಜಾರು ಬೇಕಾಗಿತ್ತು.

ಅಂಥ ಜಾಗ ಇಡೀ ಓಣಿಯಲ್ಲಿ ಒಂದೇ ಇತ್ತು, ಹಾಜಿಯವರ ಅಂಗಡಿಯ ಎದುರು.

ಹಾಜಿಯವರು ಬ್ಯಾರಿ ವರ್ತಕರು. ಹುರಿಹಗ್ಗ, ಬಲೆಯ ದಾರ, ತಾಡಪಾಲುಗಳ ವ್ಯಾಪಾರ. ಬುಧವಾರ, ಶನಿವಾರಗಳಂದು ತಮ್ಮ ಕೈಗಾಡಿಯನ್ನು ಹಿತ್ತಿಲಿಗೆ ಸರಿಸಿ ಆ ಜಾಗವನ್ನು ಬಿಟ್ಟುಕೊಡುತ್ತಿದ್ದರು. ಬದಲಿಗೆ ಮಾಸ್ಟ್ರು ಬೊಂಬಾಯಿಯ ವರ್ತಕರಿಗೆ ಹಾಜಿಯವರ ಪರವಾಗಿ ಇಂಗ್ಲಿಷಿನಲ್ಲಿ ಜಗಳವಾಡಿ ಕಾಗದ ಬರೆದುಕೊಡುತ್ತಿದ್ದರು. ಸೇರು, ರಾತಲುಗಳು ಹೋಗಿ ಕಿಲೋ ಬಂದಾಗ ಅಂಗಡಿಯ ಹಳೆಯ ಕಬ್ಬಿಣದ ತೂಕದಬಟ್ಟು ನಿರುಪಯೋಗಿಯಾಯಿತು. ಹಾಜಿಯವರು ಅದನ್ನು ಎತ್ತಿ ಕಾರಿನ ಗಾಲಿಗೆ ಅಡ್ಡ ಇಡಲು ಕೊಟ್ಟರು.

“ಸರಕಾರ ರದ್ದು ಮಾಡಿದ ತೂಕ ಇದು ಮಾಸ್ಟ್ರೆ. ತಡೀತದಾ?”

“ಸರಕಾರ ರದ್ದು ಮಾಡಿದ್ದು ಕಾರಿಗೆ ಗೊತ್ತಿಲ್ಲ ಹಾಜಿಯವರೆ.”

ಹಾಜಿಯವರು ನಿಂತ ಕಾರನ್ನು ವ್ಯರ್ಥವಾಗಲು ಬಿಡುತ್ತಿರಲಿಲ್ಲ. ಅದರ ನೆತ್ತಿಯ ಮೇಲೆ ತಾಡಪಾಲು ಹರಡಿ, ಕನ್ನಡಿಗಳಿಗೆ ಹಗ್ಗದ ಸಿಂಬೆ ತೂಗುಹಾಕಿ ಗಿರಾಕಿಗಳಿಗೆ ತೋರಿಸುತ್ತಿದ್ದರು. ಒಂದು ಶನಿವಾರ ಮಾಸ್ಟ್ರು ಇದನ್ನು ಗಮನಿಸದೆ ಕಾರು ಉರುಳಿಸಿಕೊಂಡು ಹೋದರು. ತಾಡಪಾಲಿನ ಇನ್ನೊಂದು ತುದಿಯನ್ನು ಹಿಡಿದು ಬೆಲೆ ಕೇಳುತ್ತಿದ್ದ ಗಿರಾಕಿ ಅರ್ಧ ಓಣಿ ಜೊತೆಗೇ ಓಡಿದ. ಕೊನೆಗೆ ಕೊಂಡುಕೊಂಡ ಕೂಡ. ಎಳೆದರೂ ಹರಿಯಲಿಲ್ಲವಲ್ಲ!

ಈ ಏರ್ಪಾಡಿಗೆ ಯಾವ ಕಾಗದವೂ ಇರಲಿಲ್ಲ, ಯಾರ ಅಪ್ಪಣೆಯೂ ಇರಲಿಲ್ಲ. ಅದನ್ನು ಕೆಡಿಸಿದವನು ನಾನು.

ಮದರಾಸಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ನಾನು ಊರಿಗೆ ಮರಳಿದ ವರ್ಷ ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸಕ್ಕೆ ಸಿದ್ಧತೆ ನಡೆದಿತ್ತು. ಕೂಳೂರಿನ ಕಡೆಯಿಂದ ಜೀಪುಗಳೂ ಕಾರುಗಳೂ ಪೇಟೆಗೆ ನುಗ್ಗುತ್ತಿದ್ದವು. ರಸ್ತೆಗಳ ಮೇಲ್ವಿಚಾರಣೆ ತನ್ನದೆಂದು ಹೇಳಿಕೊಳ್ಳುತ್ತಿದ್ದ ಒಂದು ಕಚೇರಿ, ಹಂಪನಕಟ್ಟೆಯ ಬಸ್ಸುಗಳು ತಿರುಗುವ ಸಮತಟ್ಟಾದ ಜಾಗವನ್ನು ಗುತ್ತಿಗೆಗೆ ಕೊಟ್ಟು, ಅಲ್ಲಿ ಕಾರು ನಿಲ್ಲಿಸುವವರಿಂದ ಶುಲ್ಕ ವಸೂಲಿಗೆ ತೊಡಗಿತು. ನನ್ನ ರಕ್ತ ಕುದಿಯಿತು. ತೆರಿಗೆಯ ಹಣದಿಂದ ಮಾಡಿದ ರಸ್ತೆಯ ಮೇಲೆ ನಿಲ್ಲುವುದಕ್ಕೆ ಮತ್ತೊಮ್ಮೆ ಶುಲ್ಕವೇ? ಯಾವ ಕಾನೂನಿನಡಿ? ಯಾವ ಸಭೆಯ ನಿರ್ಣಯದಿಂದ? ನಾನು ನಾಲ್ಕು ಪುಟಗಳ ಮನವಿ ಬರೆದೆ. ಏಳು ಬೇಡಿಕೆಗಳನ್ನು ಮಂಡಿಸಿದೆ. ಊರಿನಲ್ಲಿ ಎಲ್ಲೆಲ್ಲಿ ವಾಹನ ನಿಲ್ಲಿಸಬಹುದು ಎಂಬುದನ್ನು ಪ್ರಕಟಿಸಬೇಕು, ಎಲ್ಲ ಓಣಿಗಳಿಗೂ ಒಂದೇ ನಿಯಮ ಅನ್ವಯಿಸಬೇಕು ಎಂದು ಒತ್ತಾಯಿಸಿದೆ. ಉದಾಹರಣೆಗೆ, ಶುಲ್ಕವಿಲ್ಲದೆ ಸೌಹಾರ್ದದಿಂದ ನಡೆದಿರುವ ವ್ಯವಸ್ಥೆಯೆಂದು ಹಾಜಿಯವರ ಅಂಗಡಿಯೆದುರಿನ ಇಳಿಜಾರನ್ನು ಹೆಸರಿಸಿದೆ.

ಕಳುಹಿಸುವ ಮೊದಲು ಹೆಮ್ಮೆಯಿಂದ ಮಾಸ್ಟ್ರಿಗೆ ಓದಿ ಹೇಳಿದೆ. ಅವರು ಕಿವಿಯ ಸೀಮೆಸುಣ್ಣವನ್ನು ತೆಗೆದು ನೋಡಿ ಮತ್ತೆ ಕಿವಿಗೇ ಇಟ್ಟುಕೊಂಡರು.

“ಭಾಷೆ ಒಳ್ಳೇದುಂಟು. ಆದರೆ ಕೇಳ್ಬೇಡ ಮಾರಾಯ.”

“ಯಾಕೆ ಕೇಳಬಾರದು?”

“ಕೇಳಿದ್ರೆ ಉತ್ತರ ಬರ್ತದೆ.”

ಉತ್ತರ ಬಂತು. ಮೂರನೆಯ ವಾರ ಇಬ್ಬರು ಟೇಪು ಹಿಡಿದು ಓಣಿಯನ್ನು ಅಳೆದರು. ನಾಲ್ಕನೆಯ ವಾರ ಹಾಜಿಯವರ ಅಂಗಡಿಯೆದುರು ಕಂಬ ನೆಟ್ಟು ಹಲಗೆ ತೂಗುಹಾಕಿದರು: ‘ಇಲ್ಲಿ ವಾಹನ ನಿಲ್ಲಿಸಬಾರದು. ಜನರನ್ನು ಇಳಿಸುವ, ಸರಕು ಏರಿಳಿಸುವ ವಾಹನಗಳ ಹೊರತು.’ ನನ್ನ ಏಳು ಬೇಡಿಕೆಗಳಲ್ಲಿ ಕಚೇರಿ ಈಡೇರಿಸಿದ್ದು ಒಂದನ್ನೇ, ಒಂದೇ ನಿಯಮದ ಬೇಡಿಕೆಯನ್ನು. ಅದನ್ನೂ ಒಂದೇ ಕಡೆ. ಉಳಿದ ಓಣಿಗಳಿಗೆ ಹಲಗೆ ಸಾಲಲಿಲ್ಲವಂತೆ.

ನಾನು ಮುಖ ತಗ್ಗಿಸಿಕೊಂಡು ಮಾಸ್ಟ್ರ ಮನೆಗೆ ಹೋದೆ. ಬಾಯಿ ಬೆತ್ತದ ಕುರ್ಚಿಯಲ್ಲಿ ಕುಳಿತು ಕೊಕ್ಕೆಸೂಜಿಯಲ್ಲಿ ಕ್ರೋಶಾ ಹೆಣೆಯುತ್ತಿದ್ದರು.

“ಬಾ ಮಗ. ನಿನ್ನ ಅರ್ಜಿಯಿಂದ ಬೋರ್ಡು ಬಂತಂತೆ? ಚಂದ ಉಂಟಂತೆ. ಹಳದಿ ಬಣ್ಣ.”

ಮಾಸ್ಟ್ರು ನನ್ನನ್ನು ಬಯ್ಯಲಿಲ್ಲ. ಹಲಗೆಯ ಒಕ್ಕಣೆಯನ್ನು ನನ್ನಿಂದ ಬರೆಸಿಕೊಂಡು, ಪ್ರಮೇಯದ ಕೆಳಗೆ ಗೆರೆ ಎಳೆಯುವಂತೆ ಒಂದು ಕಡೆ ಗೆರೆ ಎಳೆದರು. “ಸರಕು ಏರಿಳಿಸುವ ವಾಹನ. ಹಾಜಿಯವರಲ್ಲಿ ಸರಕು ಇಲ್ವಾ?”

ಮುಂದಿನ ಬುಧವಾರದಿಂದ ಅದು ಶುರುವಾಯಿತು. ಬಾಯಿ ಇಳಿದು ಶುಶ್ರೂಷಾಲಯದ ಒಳಗೆ ಹೋದೊಡನೆ ಅಂಗಡಿಯ ಮುದಿ ಹಮಾಲಿ ಒಂದು ಸಿಂಬೆ ಹಗ್ಗವನ್ನು ಹೊತ್ತು ತಂದು ಕಾರಿನ ಹಿಂದಿನ ಸೀಟಿನಲ್ಲಿ ಇಡುತ್ತಿದ್ದ. ಒಂದು ಬೀಡಿ ಸೇದುತ್ತಿದ್ದ. ಎರಡನೆಯ ಸಿಂಬೆ ತರುತ್ತಿದ್ದ. ಏರಿಸಿ ಮುಗಿಯುವಷ್ಟರಲ್ಲಿ ಒಂದು ಗಂಟೆ. ಆಮೇಲೆ ಇಳಿಸುವ ಕೆಲಸ. ಬಾಯಿ ಹೊರಗೆ ಬರುವ ಹೊತ್ತಿಗೆ ಸೀಟು ಖಾಲಿ. ಮನೆಗೆ ಹೋಗುವಾಗ ಆಕೆಯ ಸೀರೆಯ ತುಂಬ ತೆಂಗಿನ ನಾರು.

ಐದು ವಾರ ಹೀಗೆ ನಡೆಯಿತು. ಆರನೆಯ ವಾರ ಕಚೇರಿಯ ಮೇಸ್ತ್ರಿಯೊಬ್ಬ ಬಂದು ಕಾರಿನೊಳಗೆ ಇಣುಕಿದ.

“ಎಂತ ಲೋಡು?”

“ಹಗ್ಗ” ಎಂದರು ಹಾಜಿಯವರು.

“ಎಷ್ಟು ಹೊತ್ತಾಯ್ತು ಸುರು ಮಾಡಿ?”

“ಒಂದೂವರೆ ಗಂಟೆ.”

“ಒಂದೂವರೆ ಗಂಟೆಯಿಂದ ಹಗ್ಗ ಹಾಕುದಾ?”

“ಹಗ್ಗ ಉದ್ದ ಉಂಟಲ್ಲ!”

ಮೇಸ್ತ್ರಿ ನಗಲಿಲ್ಲ. ಸರಕು ಎಂದರೆ ಲಾರಿಯಲ್ಲಿ, ಗಾಡಿಯಲ್ಲಿ ಹೋಗುವುದು ಎಂದ. ಮುಂದಿನ ಸಲ ಈ ಕಾರು ಇಲ್ಲಿ ಕಂಡರೆ ಎಳೆಸಿಕೊಂಡು ಹೋಗುತ್ತೇವೆ, ಜನರನ್ನು ಇಳಿಸಿ ಕೆಳಗಿನ ಶುಲ್ಕದ ಜಾಗದಲ್ಲಿ ನಿಲ್ಲಿಸಿ ಎಂದು ಹೇಳಿ ಹೋದ. ನಾನು ಎಂಟು ಪುಟದ ಇನ್ನೊಂದು ಮನವಿಗೆ ಕೈಹಾಕಿದ್ದೆ. ಮಾಸ್ಟ್ರು ನನ್ನ ಪೆನ್ನನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. “ಸಾಕು. ಇನ್ನು ಅವರು ಹೇಳಿದ ಹಾಗೆಯೇ ಮಾಡುವ. ಅಕ್ಷರಶಃ.”

ಆ ಶನಿವಾರ ನಾನೂ ಅವರ ಜೊತೆಗಿದ್ದೆ. ಬಾಯಿಯನ್ನು ಡಾಕ್ಟರರ ಬಾಗಿಲಲ್ಲಿ ಇಳಿಸಿ, ಬ್ರೇಕು ಬಿಟ್ಟು ಉರುಳಿಕೊಂಡು ಹಂಪನಕಟ್ಟೆಯ ಸಮತಟ್ಟಿಗೆ ಬಂದೆವು. ಗುತ್ತಿಗೆದಾರನ ಆಳು ಬಸ್ಸುಗಳು ತಿರುಗುವ ತಿರುವಿನಲ್ಲೇ ಒಂದು ಖಾಲಿ ಜಾಗ ತೋರಿಸಿದ.

“ಇಲ್ಲೇ ನಿಲ್ಲಿಸುದಾ?” ಎಂದು ಮಾಸ್ಟ್ರು ಕೇಳಿದರು.

“ಇಲ್ಲೇ.”

“ಬಸ್ಸಿಗೆ ಅಡ್ಡ ಆಗ್ಲಿಕ್ಕಿಲ್ಲವಾ?”

“ಒಂದು ಗಳಿಗೆ ಅಲ್ವಾ? ಆಮೇಲೆ ನಾನು ಹೇಳಿದಾಗ ಆಚೆ ತೆಗೀರಿ. ಈಗ ಹಣ ಕೊಡಿ.”

ಮಾಸ್ಟ್ರು ಶುಲ್ಕ ತೆತ್ತು ಚೀಟಿ ಪಡೆದರು. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು. ಅವರ ಮುಖದಲ್ಲಿ ಕಠಿಣ ಲೆಕ್ಕವೊಂದು ಬಿಡಿಸಿಕೊಂಡಾಗಿನ ಕಳೆ ಮೂಡಿತು. ಎಂಜಿನು ಆಗಲೇ ಮಲಗಿತ್ತು.

ಸುಮಾರು ಎರಡು ಗಂಟೆ ಬಸ್ಸುಗಳು ಹೇಗೋ ಬಳಸಿಕೊಂಡು ತಿರುಗಿದವು. ಆಮೇಲೆ ಕಾಲು ಗಂಟೆಯಲ್ಲಿ ಮೂರು ಬಸ್ಸುಗಳು ಸಾಲುಗಟ್ಟಿದವು. ಆಳು ಓಡಿ ಬಂದ. “ಸ್ವಲ್ಪ ಆಚೆ ತೆಗೀರಿ.”

“ತೆಗೀಲಿಕ್ಕೆ ಇಳಿಜಾರು ಬೇಕು. ಇಲ್ಲಿ ಇಲ್ಲ.”

“ಹಾಗಾದ್ರೆ ನಾನು ತಳ್ತೇನೆ.”

ಮಾಸ್ಟ್ರು ಚೀಟಿಯನ್ನು ತಿರುಗಿಸಿ ತೋರಿಸಿದರು. “ಓದು. ‘ವಾಹನಗಳಿಗೆ ನಾವು ಜವಾಬ್ದಾರರಲ್ಲ. ಸಿಬ್ಬಂದಿ ಯಾವ ಕಾರಣಕ್ಕೂ ವಾಹನವನ್ನು ಮುಟ್ಟತಕ್ಕದ್ದಲ್ಲ.’ ಅಚ್ಚು ಹಾಕಿಸಿದ್ದು ನೀವು. ಮುಟ್ಬೇಡ.”

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗದ್ದಲವೆದ್ದಿತು. ಚಿಕಿತ್ಸೆ ಮುಗಿಸಿದ ಬಾಯಿಯನ್ನು ಹಾಜಿಯವರು ತಮ್ಮ ಕೈಗಾಡಿಯಲ್ಲಿ, ಹಗ್ಗದ ಸಿಂಬೆಗಳ ಸಿಂಹಾಸನದ ಮೇಲೆ ಕೂರಿಸಿ, ಹಮಾಲಿಯಿಂದ ತಳ್ಳಿಸುತ್ತ, ತಾವೇ ಮುಂದೆ ನಡೆದು ದಾರಿ ಬಿಡಿಸುತ್ತ ಕರೆತರುತ್ತಿದ್ದರು. ಆಕೆ ಕೊಡೆ ಬಿಚ್ಚಿ ಹಿಡಿದಿದ್ದರು. ನಾಲ್ಕನೆಯ ಬಸ್ಸಿನ ಪ್ರಯಾಣಿಕರು ಎದ್ದು ನಿಂತು ನೋಡಿದರು. ಆಕೆ ಕಾರಿನೊಳಗೆ ಕುಳಿತು, ಕಾಲು ನೀಡಿ, ಚೀಲದಿಂದ ಕ್ರೋಶಾ ತೆಗೆದರು. ಇಬ್ಬರು ಕಂಡಕ್ಟರುಗಳು ಕಾರನ್ನು ತಳ್ಳಲು ತೋಳು ಮಡಚಿ ಬಂದಾಗ ಕಿಟಕಿಯಿಂದ ತಲೆ ಹೊರಹಾಕಿ, “ಕಾಲಿಗೆ ಸ್ವಾಧೀನ ಇಲ್ಲದವಳು ಒಳಗಿದ್ದೇನೆ. ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ? ಹೆಸರು ಹೇಳಿ, ಬರ್ಕೊಳ್ತೇನೆ” ಎಂದರು. ಇಬ್ಬರೂ ತೋಳು ಇಳಿಸಿಕೊಂಡರು.

ಬಸ್ಸುಗಳು ಏಳಾದಾಗ ಕಚೇರಿಯ ಅಧಿಕಾರಿಗಳು ಸ್ವತಃ ಬಂದರು. ರಾಜ್ಯ ಒಂದಾದ ಮೇಲೆ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದವರು. ಸೆಖೆಗೆ ಕೋಟಿನ ಬೆನ್ನು ಒದ್ದೆಯಾಗಿತ್ತು.

“ಏನ್ ಸ್ವಾಮಿ ಇದು? ವಯಸ್ಸಾದೋರು ನೀವು, ಹಿಂಗ್ ಮಾಡಬಹುದಾ?”

“ನಾನು ಎಂತ ಮಾಡಿದೆ? ನಿಲ್ಲಿಸಿ ಅಂದಲ್ಲಿ ನಿಲ್ಲಿಸಿದ್ದೇನೆ. ಕೇಳಿದ್ದು ಕೊಟ್ಟಿದ್ದೇನೆ.”

ನಾನು ಮುಂದೆ ನುಗ್ಗಿ, “ಇದು ಸಾರ್ವಜನಿಕ ರಸ್ತೆ! ಗುತ್ತಿಗೆಯ ಆದೇಶದ ಪ್ರತಿ ಎಲ್ಲಿದೆ?” ಎಂದು ಆರಂಭಿಸಿದೆ.

“ನೀನು ಸುಮ್ಮನಿರು ಮಾರಾಯ” ಎಂದರು ಮಾಸ್ಟ್ರು. “ನೀನು ಬಾಯಿ ಬಿಟ್ರೆ ಇವರು ಇನ್ನೊಂದು ಬೋರ್ಡು ತರ್ತಾರೆ.”

ಸಮಾಚಾರವನ್ನೆಲ್ಲ ಕೇಳಿಸಿಕೊಂಡ ಅಧಿಕಾರಿಗಳು ತಲೆ ಒರೆಸಿಕೊಂಡರು. “ಆಯ್ತು ಬಿಡಿ. ಆ ಓಣೀಲಿ ನಿಮ್ಮ ಕಾರು ನಿಂತ್ಕೊಳ್ಳಿ. ನಮ್ಮೋರು ಯಾರೂ ಕೇಳಲ್ಲ. ನಾನ್ ಹೇಳ್ತೀನಿ.”

ನಾನು ಗೆದ್ದೆವೆಂದುಕೊಂಡೆ. ಬಾಯಿ ಕ್ರೋಶಾ ನಿಲ್ಲಿಸಿ ಗಂಡನ ಮುಖ ನೋಡಿದರು. ಆಕೆಯ ಕಾಲು, ವರ್ಷದ ಚಿಕಿತ್ಸೆ, ಆ ನಲವತ್ತು ಹೆಜ್ಜೆ, ಎಲ್ಲವೂ ಒಂದು ‘ಆಗಲಿ’ ಎಂಬ ಮಾತಿನ ದೂರದಲ್ಲಿದ್ದವು. ಮಾಸ್ಟ್ರು ಆ ಮಾತನ್ನು ಆಡಲಿಲ್ಲ.

“ನೀವು ಹೇಳ್ತೀರಿ. ನಾಳೆ ನಿಮಗೆ ವರ್ಗ ಆದ್ರೆ? ಮತ್ತೆ, ನನ್ನ ಕಾರು ಮಾತ್ರ ಅಂದ್ರೆ ಎಂತ? ಡಾಕ್ಟರಲ್ಲಿಗೆ ಬರುವ ಬೇರೆಯವರ ಹೆಂಡತಿ ಹಾರಿ ಬರ್ತಾಳಾ? ಬೋರ್ಡಿನಲ್ಲಿ ಬರೀಬೇಕು. ರೋಗಿಗಳ ವಾಹನಕ್ಕೆ ಜಾಗ, ಶುಲ್ಕ ಇಲ್ಲ ಅಂತ. ನನಗೆ ಬೇಕಾದ್ದು ಇದೊಂದೇ.”

“ಅದಕ್ಕೆ ಸಭೆ ಆಗ್ಬೇಕು ಸ್ವಾಮಿ, ನಿರ್ಣಯ ಆಗ್ಬೇಕು.”

“ಮೊದಲಿನ ಬೋರ್ಡಿಗೆ ಸಭೆ ಆಗಿತ್ತಾ?”

ಅಧಿಕಾರಿಗಳು ಕೋಟಿನ ಗುಂಡಿ ಬಿಚ್ಚಿದರು. ರಾಜ್ಯಶಾಸ್ತ್ರದ ನನ್ನ ಎಂ.ಎ. ಪದವಿ ನಾಲ್ಕು ಪುಟಗಳಲ್ಲಿ ಹುಡುಕಿದ ಪ್ರಶ್ನೆ ಅದು. ಲೆಕ್ಕದ ಮಾಸ್ಟ್ರು ಅದನ್ನು ಸ್ಟಿಯರಿಂಗಿನ ಮೇಲೆ ಗಲ್ಲವಿಟ್ಟುಕೊಂಡು ಒಂದೇ ಸಾಲಿನಲ್ಲಿ ಕೇಳಿದ್ದರು. ಏಳು ಬಸ್ಸುಗಳು ಒಟ್ಟಿಗೆ ಹಾರ್ನು ಬಾರಿಸಿದವು.

ಕೊನೆಗೆ ಅಧಿಕಾರಿಗಳು ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿದರು. ಮಾಸ್ಟ್ರು ನನ್ನ ಪೆನ್ನನ್ನೇ ಜೇಬಿನಿಂದ ತೆಗೆದು ಅವರಿಗೆ ಕೊಟ್ಟರು. ರೋಗಿಗಳ ವಾಹನ ಎಂಬಲ್ಲಿಗೆ ಬಂದಾಗ ಹಾಜಿಯವರು ಇಣುಕಿ, “ಜೊತೆಗೆ ಬಂದವರದ್ದೂ ಅಂತ ಹಾಕಿ ಸಾರ್. ರೋಗಿ ತಾನೇ ಬಿಟ್ಕೊಂಡು ಬರ್ತಾನಾ?” ಎಂದು ತಿದ್ದುಪಡಿ ಸೂಚಿಸಿದರು; ಅದೂ ಅಂಗೀಕಾರವಾಯಿತು. ಸಹಿ, ತಾರೀಕು, ಕೆಳಗೆ ಹುದ್ದೆಯ ಹೆಸರು. ಮಾಸ್ಟ್ರು ಓದಿ ಮಡಚಿ ಹೆಂಡತಿಯ ಕೈಗಿತ್ತರು. ಆಕೆ ಅದನ್ನು ಕ್ರೋಶಾ ಚೀಲದೊಳಗೆ ಇಟ್ಟರು.

“ಇನ್ನಾದ್ರೂ ತೆಗೀರಿ” ಎಂದರು ಅಧಿಕಾರಿಗಳು ಕೈಮುಗಿದು.

“ತೆಗೀತೇನೆ. ತಳ್ಳಿ.”

ಆಳು ಚೀಟಿಯ ಹಿಂಬದಿಯನ್ನು ನೋಡಿ ಹಿಂಜರಿದ. “ಮುಟ್ಟು, ಪರವಾಗಿಲ್ಲ. ಜವಾಬ್ದಾರಿ ನಂದು” ಎಂದರು ಅಧಿಕಾರಿಗಳು. ಆ ಕಚೇರಿಯವರ ಬಾಯಿಯಿಂದ ಆ ಪದವನ್ನು ನಾನು ಕೇಳಿದ್ದು ಅದೊಂದೇ ಸಲ. ಆಳು, ಇಬ್ಬರು ಕಂಡಕ್ಟರುಗಳು, ಹಾಜಿಯವರು, ಹಮಾಲಿ, ನಾನು. ನಮ್ಮ ನಡುವೆ ಕೋಟು ಕಳಚಿದ ಅಧಿಕಾರಿಗಳೂ ಭುಜ ಕೊಟ್ಟರು. ಕಾರು ಕದಲಿತು, ಕೆಮ್ಮಿತು, ಕಪ್ಪು ಹೊಗೆಯನ್ನು ನಮ್ಮೆಲ್ಲರ ಮುಖಕ್ಕೆ ಸಮನಾಗಿ ಹಂಚಿ ಹೊರಟಿತು. ಎರಡು ಕಿಟಕಿಗಳಿಂದ ಎರಡು ಕೈಗಳು ಹೊರಬಂದು ಬೀಸಿದವು.

“ಒಂದು ಥ್ಯಾಂಕ್ಸ್ ಹೇಳೋಕೂ ನಿಲ್ಲಿಸ್ಲಿಲ್ಲವಲ್ಲಪ್ಪ!” ಎಂದರು ಅಧಿಕಾರಿಗಳು, ಮಸಿಯಾದ ಅಂಗೈಗಳನ್ನು ನೋಡಿಕೊಳ್ಳುತ್ತ.

“ನಿಲ್ಲಿಸಿದ್ರೆ ಮತ್ತೆ ನೀವೇ ತಳ್ಬೇಕು ಸಾರ್” ಎಂದರು ಹಾಜಿಯವರು.